ನದಿ ನೀರಿನ ಜಗಳ: ಟ್ರಿಬ್ಯುನಲ್ಲಾ, ಸುಪ್ರೀಂ ಕೋರ್ಟಾ, ಕೂತು ಮಾತಾಡೋದಾ? ಯಾವುದಕ್ಕೆ ಎಲ್ಲಿಗೆ ಹೋಗ್ಬೇಕು

2023ರ ಸೆಪ್ಟೆಂಬರ್ 26, ತಮಿಳುನಾಡಿಗೆ ಕಾವೇರಿ ನೀರು ಬಿಡ್ಬೇಡಿ ಅಂತ ಬೆಂಗಳೂರು ಬಂದ್. ಆಫೀಸಿಲ್ಲ, ಕೆಂಗೇರಿ ಮನೇಲಿ ಕೂತು ಟಿವಿ ನೋಡ್ತಿದ್ದೆ, ಮದ್ದೂರು ಕಡೆಯಿಂದ ದೊಡ್ಡಪ್ಪನ ಮಗ ಫೋನ್ ಮಾಡ್ದ. "ಲೋ, ನೀನು ವಕೀಲರ ಹತ್ರ ಇದ್ದೀಯಲ್ಲ, ನಮ್ ಸಂಘದಿಂದ ನಾವೇ ಒಂದು ಕೇಸ್ ಜಡಿದ್ರೆ ಆಗಲ್ವಾ? ಇನ್ನೊಂದ್ಸಲ ಟ್ರಿಬ್ಯುನಲ್ ಮಾಡಿ ಮೊದ್ಲಿಂದ ಲೆಕ್ಕ ಹಾಕಿ ಅಂತ." ನಾನು ವಕೀಲ ಅಲ್ಲ, ಸಿವಿಲ್ ವಕೀಲರ ಆಫೀಸಲ್ಲಿ ಹತ್ತು ವರ್ಷದಿಂದ ಟೈಪಿಂಗ್, ಫೈಲಿಂಗ್ ಮಾಡೋನು ಅಷ್ಟೆ. ಅವತ್ತು ಅಣ್ಣನಿಗೆ ಸರಿಯಾಗಿ ಉತ್ತರ ಹೇಳೋಕಾಗ್ಲಿಲ್ಲ, ಆಮೇಲೆ ಕೂತು ಓದಿದೆ, ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ಪ್ರತಿ ಬರಗಾಲದಲ್ಲೂ ಇದೇ ಪ್ರಶ್ನೆ ಎದ್ದೇಳುತ್ತೆ, ಸುಪ್ರೀಂ ಕೋರ್ಟಿಗೆ ಯಾಕೆ ಹೋಗಲ್ಲ, ಪ್ರಧಾನಿ ಯಾಕೆ ಕರೆಸಿ ಮಾತಾಡ್ಸಲ್ಲ, ಹೊಸ ಟ್ರಿಬ್ಯುನಲ್ (ನೀರಿನ ಪಾಲು ಹಾಕೋಕೆ ಅಂತಲೇ ಕೂರಿಸೋ ನ್ಯಾಯಮಂಡಳಿ) ಯಾಕಿಲ್ಲ ಅಂತ, ಮೂರೂ ಒಂದೇ ಕೆಲಸ ಮಾಡುತ್ತೆ ಅನ್ನೋ ಥರ.

ಒಂದೇ ಕೆಲಸ ಮಾಡಲ್ಲ. ನಾಡಕಚೇರಿಲಿ ಜಾತಿ ಸರ್ಟಿಫಿಕೇಟ್ ಕೌಂಟರಲ್ಲಿ ನಿಂತು ಪಹಣಿ ಕೇಳಿದ್ರೆ ಏನಾಗುತ್ತೋ ಅದೇ ಇಲ್ಲೂ ಆಗೋದು. ಅರ್ಧ ದಿನ ಹೋದ್ಮೇಲೆ ಆ ಕಡೆ ಹೋಗಿ ಅಂತಾರೆ. ಇಲ್ಲಿ ಅರ್ಧ ದಿನದ ಬದ್ಲು ಹತ್ತು ವರ್ಷ.

ಮೊದ್ಲು ಜಗಳ ಯಾವುದು ಅಂತ ಗುರುತಿಸ್ಬೇಕು

ನಮ್ಮಲ್ಲಿ ಅಣ್ಣತಮ್ಮಂದಿರ ಜಮೀನು ಜಗಳ ನೋಡದವರು ಯಾರಿದ್ದಾರೆ. ಅದರಲ್ಲೇ ನಾಲ್ಕು ಥರ ಇರುತ್ತೆ. ನನ್ನ ಪಾಲು ಎಷ್ಟು ಅಂತ ಕೇಳೋದು ಒಂದು, ಅದಕ್ಕೆ ವಿಭಾಗದ ದಾವೆ. ತಮ್ಮ ನನ್ನ ಗಡಿ ಪಕ್ಕ ಮನೆ ಕಟ್ತಿದ್ದಾನೆ ನಿಲ್ಸಿ ಅನ್ನೋದು ಇನ್ನೊಂದು, ಅದಕ್ಕೆ ತಡೆಯಾಜ್ಞೆ. ಪಾಲೇನೋ ಆಗಿದೆ, ಆದ್ರೆ ಈ ವಾರ ನನ್ನ ಗದ್ದೆಗೆ ನೀರು ಬಿಟ್ಟಿಲ್ಲ ಅನ್ನೋದು ಮೂರನೇದು, ಅದಕ್ಕೆ ಕೋರ್ಟಿಗೆ ಹೋಗೋನು ದಡ್ಡ, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡೋ ನೀರುಗಂಟಿ ಹತ್ರ ಹೋಗ್ಬೇಕು. ಬರ್ಕೊಟ್ಟ ಮಾತು ಉಳಿಸ್ಕೊಂಡಿಲ್ಲ ಅನ್ನೋದು ನಾಲ್ಕನೇದು. ರಾಜ್ಯ ರಾಜ್ಯದ ಮಧ್ಯೆ ನಡೆಯೋದೂ ಹೆಚ್ಚು ಕಮ್ಮಿ ಇದೇ ನಾಲ್ಕು, ಅಂಕಿಯಲ್ಲಿ ಸೊನ್ನೆ ಜಾಸ್ತಿ ಇರುತ್ತೆ ಅಷ್ಟೆ.

ಸಂವಿಧಾನದಲ್ಲಿ ಇದಕ್ಕೆ ಅಂತಲೇ 262ನೇ ವಿಧಿ ಇದೆ. ನದಿ ನೀರಿನ ತಕರಾರು ಬಗೆಹರಿಸೋಕೆ ಪಾರ್ಲಿಮೆಂಟ್ ಕಾನೂನು ಮಾಡ್ಬೋದು, ಬೇಕಾದ್ರೆ ಸುಪ್ರೀಂ ಕೋರ್ಟನ್ನೂ ಇದರಿಂದ ಹೊರಗಿಡಬೋದು ಅನ್ನುತ್ತೆ. ಅದರ ಮೇಲೆ ಬಂದಿದ್ದು 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ, ಅದರ 11ನೇ ಸೆಕ್ಷನ್ನೇ ಕೋರ್ಟುಗಳಿಗೆ ಬಾಗಿಲು ಹಾಕೋದು. ಸುಪ್ರೀಂ ಕೋರ್ಟ್ ಸೀದಾ ಪಾಲು ಹಾಕ್ಬಿಡ್ಲಿ ಅನ್ನೋದಕ್ಕೆ ಇದೇ ಅಡ್ಡಿ. ಆದ್ರೂ ಕೋರ್ಟ್ ಪಕ್ಕದ ಬಾಗಿಲಿಂದ ಒಳಗೆ ಬಂದಿದೆ, ಅದನ್ನ ಮುಂದೆ ಹೇಳ್ತೀನಿ.

ಟ್ರಿಬ್ಯುನಲ್: ಪಾಲು ಬೇಕಿದ್ರೆ ಇದೊಂದೇ ದಾರಿ, ಆದ್ರೆ ತಾಳ್ಮೆ ಇರ್ಬೇಕು

ರಾಜ್ಯ ಸರ್ಕಾರ ಕೇಂದ್ರಕ್ಕೆ ದೂರು ಕೊಡ್ಬೇಕು, ಮಾತುಕತೆಯಲ್ಲಿ ಮುಗಿಯಲ್ಲ ಅಂತ ಕೇಂದ್ರಕ್ಕೆ ಅನ್ಸಿದ್ರೆ ಟ್ರಿಬ್ಯುನಲ್ ಮಾಡುತ್ತೆ. 2002ರ ತಿದ್ದುಪಡಿ ಆದ್ಮೇಲೆ ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ: ದೂರು ಬಂದ ಒಂದು ವರ್ಷದೊಳಗೆ ಟ್ರಿಬ್ಯುನಲ್ ಆಗ್ಬೇಕು, ಅದು ಮೂರು ವರ್ಷದಲ್ಲಿ ತೀರ್ಪು ಕೊಡ್ಬೇಕು, ಬೇಕಾದ್ರೆ ಇನ್ನೆರಡು ವರ್ಷ. ಗೆಜೆಟಲ್ಲಿ, ಅಂದ್ರೆ ಸರ್ಕಾರದ ರಾಜ್ಯಪತ್ರದಲ್ಲಿ, ಬಂದ್ಮೇಲೆ ಸುಪ್ರೀಂ ಕೋರ್ಟ್ ಡಿಕ್ರಿಯಷ್ಟೇ (ಅಂತಿಮ ಆದೇಶದಷ್ಟೇ) ಬೆಲೆ.

ಈಗ ನಿಜವಾಗಿ ಏನಾಯ್ತು ನೋಡಿ. ಕಾವೇರಿ ಟ್ರಿಬ್ಯುನಲ್ ಆಗಿದ್ದು 1990ರ ಜೂನ್ 2ಕ್ಕೆ, ಅಂತಿಮ ತೀರ್ಪು 2007ರ ಫೆಬ್ರವರಿ 5ಕ್ಕೆ, ಗೆಜೆಟ್ 2013ರ ಫೆಬ್ರವರಿಯಲ್ಲಿ, ಅದರ ಮೇಲೆ ಸುಪ್ರೀಂ ಕೋರ್ಟ್ ಕೊನೇ ಮಾತು ಹೇಳಿದ್ದು 2018ರ ಫೆಬ್ರವರಿ 16ಕ್ಕೆ. ಇಪ್ಪತ್ತೆಂಟು ವರ್ಷ ಆಗೋಯ್ತು, ನಾನು ಅಂಗನವಾಡಿಲಿ ಇದ್ದಾಗ ಶುರುವಾಗಿದ್ದು ನನ್ನ ಮದುವೆ ಆದ್ಮೇಲೆ ಮುಗೀತು. ಕೃಷ್ಣೆಯದ್ದು ಇನ್ನೂ ವಿಚಿತ್ರ. ಮೊದಲ್ನೇ ಸಲ ಬಚಾವತ್ ಟ್ರಿಬ್ಯುನಲ್ 1969ರಲ್ಲಿ ಆಗಿ 1976ರಲ್ಲಿ ಗೆಜೆಟ್ ಬಂತು, ಏಳು ವರ್ಷ, ಈಗಿನ ಲೆಕ್ಕದಲ್ಲಿ ಅದು ಎಕ್ಸ್‌ಪ್ರೆಸ್ ರೈಲು. ಎರಡನೇದು ಬ್ರಿಜೇಶ್ ಕುಮಾರ್ ಟ್ರಿಬ್ಯುನಲ್, 2004ರಲ್ಲಿ ಆಯ್ತು, 2010ರ ಡಿಸೆಂಬರ್ 30ಕ್ಕೆ ತೀರ್ಪು, ಅದರಲ್ಲಿ ಕರ್ನಾಟಕಕ್ಕೆ 911 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು), ಆಲಮಟ್ಟಿ ಡ್ಯಾಮ್ 519.6 ಮೀಟರಿಂದ 524.256 ಮೀಟರ್‌ವರೆಗೆ ಏರಿಸ್ಬೋದು ಅಂತ. ಸಿಹಿ ಹಂಚಿದ್ದೂ ಆಯ್ತು. 2011ರಲ್ಲಿ ಗೆಜೆಟ್ ಮಾಡ್ಬೇಡಿ ಅಂತ ಸುಪ್ರೀಂ ಕೋರ್ಟ್ ತಡೆ ಕೊಡ್ತು, 2013ರಲ್ಲಿ ಟ್ರಿಬ್ಯುನಲ್ಲೇ ಒಂಚೂರು ತಿದ್ದಿ ನಮ್ಮದನ್ನ 907 ಮಾಡ್ತು, 2014ರಲ್ಲಿ ಆಂಧ್ರ ಎರಡಾಯ್ತು, ತೆಲಂಗಾಣ ನಮಗೆ ಬೇರೆ ಪಾಲು ಅಂತು, ಅದೇ ಟ್ರಿಬ್ಯುನಲ್ ಅದರ ವಿಚಾರಣೆಗೆ ಕೂತ್ಕೊಳ್ತು. ಗೆಲುವಿನ ತೀರ್ಪು ಕೈಯಲ್ಲಿದ್ದೂ ಡ್ಯಾಮಿನ ಗೇಟ್ ಒಂದಿಂಚು ಮೇಲೆ ಹೋಗಿಲ್ಲ.

ಅದಕ್ಕೇ ಹೇಳೋದು, ಟ್ರಿಬ್ಯುನಲ್ ತೀರ್ಪು ಬಂತಾ ಅಂತ ಕೇಳೋದು ಅರ್ಧ ಪ್ರಶ್ನೆ. ಗೆಜೆಟ್ ಆಯ್ತಾ ಅಂತ ಕೇಳ್ಬೇಕು. ನಮ್ಮ ಆಫೀಸಲ್ಲಿ ಡಿಕ್ರಿ ಆಗಿ ರಿಜಿಸ್ಟರ್ ಆಗದ ವಿಭಾಗಪತ್ರಗಳ ಒಂದು ಕಪಾಟೇ ಇದೆ, ಅದನ್ನ ನೋಡ್ದಾಗೆಲ್ಲ ಕೃಷ್ಣೆ ನೆನಪಾಗ್ತಾಳೆ.

ಹಾಗಂತ ಟ್ರಿಬ್ಯುನಲ್ ದಂಡ ಅಂತ ನಾನು ಹೇಳಲ್ಲ. ಇಲ್ಲಿ ಒಂದು ಲಾಭ ಇದೆ, ಬೇರೆಲ್ಲೂ ಸಿಗಲ್ಲ: ಲೆಕ್ಕವನ್ನ ತಳದಿಂದ ನೋಡ್ತಾರೆ. ಎಷ್ಟು ಮಳೆ, ಎಷ್ಟು ಎಕರೆ, ಯಾವ ಬೆಳೆ, ಯಾವ ಊರಿಗೆ ಕುಡಿಯೋಕೆಷ್ಟು. ಕಾವೇರಿಯಲ್ಲಿ ಒಟ್ಟು 740 ಟಿಎಂಸಿ ಅಂತ ಹಿಡಿದು ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7, ಉಳಿದ 14ರಲ್ಲಿ 10 ಪರಿಸರಕ್ಕೆ, 4 ಹೇಗಿದ್ರೂ ಸಮುದ್ರ ಸೇರೋದು ಅಂತ ಹಾಕಿದ್ರು. ಬೈಯೋರು ಬೈಲಿ, ಆದ್ರೆ 1991ರ ಮಧ್ಯಂತರ ಆದೇಶದಲ್ಲಿ ತಮಿಳುನಾಡಿನ ಮೆಟ್ಟೂರು ಡ್ಯಾಮಿಗೆ 205 ಟಿಎಂಸಿ ಬಿಡಿ ಅಂದಿದ್ದು 2007ರಲ್ಲಿ ರಾಜ್ಯದ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದ ಹತ್ರ 192 ಆಯ್ತು, 2018ರಲ್ಲಿ 177.25ಕ್ಕೆ ಬಂತು. ಅಳತೆ ಮಾಡೋ ಜಾಗ ಬೇರೆ ಬೇರೆ, ಹಾಗಾಗಿ 205ನ್ನೂ 192ನ್ನೂ ಪಕ್ಕಪಕ್ಕ ಇಟ್ಟು ಕಳೆಯೋಕಾಗಲ್ಲ. 192ರಿಂದ 177.25 ಮಾತ್ರ ಅಪ್ಪಟ ಇಳಿಕೆ. ಅವಸರದ ಆದೇಶಕ್ಕಿಂತ ಕೂತು ಲೆಕ್ಕ ಹಾಕಿದ ಆದೇಶ ನಮಗೆ ವಾಸಿ ಆಗಿದೆ ಅಂತ ನನ್ನ ಅಭಿಪ್ರಾಯ. ಮದ್ದೂರಲ್ಲಿ ನಿಂತು ಇದನ್ನ ಹೇಳೋ ಧೈರ್ಯ ನನಗಿಲ್ಲ.

ಸುಪ್ರೀಂ ಕೋರ್ಟ್: ಎರಡು ಬಾಗಿಲು, ಒಂದನ್ನ ಇನ್ನೊಂದು ಅಂದ್ಕೋಬೇಡಿ

131ನೇ ವಿಧಿ ಅಂದ್ರೆ ಮೂಲ ದಾವೆ, ರಾಜ್ಯ ರಾಜ್ಯದ ಮೇಲೆ ಸೀದಾ ಹಾಕೋದು. 136 ಅಂದ್ರೆ ವಿಶೇಷ ಅನುಮತಿ ಮೇಲ್ಮನವಿ, ಟ್ರಿಬ್ಯುನಲ್ ಕೊಟ್ಟಿದ್ದು ಸರಿ ಇಲ್ಲ ಅಂತ ಹೋಗೋದು. 11ನೇ ಸೆಕ್ಷನ್ ಇದ್ದೂ ಈ ಎರಡನೇ ಬಾಗಿಲು ತೆರೆದಿದೆಯಾ ಅಂತ ದೊಡ್ಡ ವಾದವೇ ನಡೀತು, ಕೇಂದ್ರ ಇಲ್ಲ ಅಂತು, 2016ರ ಡಿಸೆಂಬರಲ್ಲಿ ಕೋರ್ಟ್ ತೆರೆದಿದೆ ಅಂತು. ಆ ಬಾಗಿಲಿಂದಾನೇ 2018ರಲ್ಲಿ ನಮಗೆ 14.75 ಟಿಎಂಸಿ ಜಾಸ್ತಿ ಸಿಕ್ಕಿದ್ದು, 270 ಇದ್ದಿದ್ದು 284.75 ಆಯ್ತು.

ಬೆಂಗಳೂರಿನವರು ಈ 14.75ನ್ನ ಒಂಚೂರು ಬಿಡಿಸಿ ನೋಡ್ಬೇಕು. ಅದರಲ್ಲಿ 10 ಟಿಎಂಸಿ, ತಮಿಳುನಾಡಿನ ಡೆಲ್ಟಾದಲ್ಲಿ ಅಂತರ್ಜಲ ಇದೆಯಲ್ಲ ಅನ್ನೋ ಲೆಕ್ಕದಲ್ಲಿ ಬಂದಿದ್ದು. ಉಳಿದ 4.75 ನಮ್ಮ ಊರಿನ ಕುಡಿಯೋ ನೀರಿಗೆ. ಟ್ರಿಬ್ಯುನಲ್ ಬೆಂಗಳೂರಲ್ಲಿ ಮೂರನೇ ಒಂದು ಭಾಗ ಮಾತ್ರ ಕಾವೇರಿ ಜಲಾನಯನದಲ್ಲಿದೆ, ಅಷ್ಟಕ್ಕೇ ಲೆಕ್ಕ ಅಂದಿತ್ತು, ಅದರಲ್ಲೂ ಅರ್ಧ ಬೋರ್‌ವೆಲ್ಲಿಂದ ಅಂತ. ಅಂದ್ರೆ ಗೆರೆಯ ಈ ಕಡೆ ಇರೋ ಕೆಂಗೇರಿ ನಾನು ಕಾವೇರಿ ಕುಡಿಬೋದು, ಗೆರೆಯ ಆ ಕಡೆ ವೈಟ್‌ಫೀಲ್ಡಲ್ಲಿರೋ ನಮ್ಮ ಬಾಮೈದ ಕುಡಿಯೋಹಾಗಿಲ್ಲ. ಸುಪ್ರೀಂ ಕೋರ್ಟ್ ಈ ಲೆಕ್ಕ ತೆಗೆದುಹಾಕ್ತು. ಬರೀ 4.75ಕ್ಕೆ ಇಷ್ಟು ಗಲಾಟೆನಾ ಅಂತ ಕೇಳೋರಿಗೆ ಇನ್ನೊಂದು ವಿಷಯ, ಕುಡಿಯೋಕೆ ಎತ್ತಿದ ನೀರಲ್ಲಿ ನೂರಕ್ಕೆ 20 ಮಾತ್ರ ಖರ್ಚಾಗೋದು, ಉಳಿದಿದ್ದು ಕೊಳಚೆಯಾಗಿ ವಾಪಸ್ ಹರಿಯುತ್ತೆ ಅಂತ ಟ್ರಿಬ್ಯುನಲ್ ಲೆಕ್ಕ. ಹಾಗಾಗಿ ಕಾಗದದ 4.75 ಅಂದ್ರೆ ಪೈಪಲ್ಲಿ ಅದರ ಐದು ಪಟ್ಟು. 2024ರ ಅಕ್ಟೋಬರಲ್ಲಿ ಶುರುವಾದ ಕಾವೇರಿ ಐದನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ವರ್ಷಕ್ಕೆ ಸುಮಾರು 10 ಟಿಎಂಸಿ ಆಗುತ್ತೆ, ನೀವೇ ಕ್ಯಾಲ್ಕುಲೇಟರಲ್ಲಿ ನೋಡಿ, ಒಂದು ಟಿಎಂಸಿ ಅಂದ್ರೆ ಹತ್ರತ್ರ 2,832 ಕೋಟಿ ಲೀಟರ್.

ಮೂಲ ದಾವೆ ಯಾವಾಗ ಕೆಲಸಕ್ಕೆ ಬರುತ್ತೆ ಅನ್ನೋದಕ್ಕೆ ಎರಡು ಉದಾಹರಣೆ ಸಾಕು, ಒಂದು ಗೆಲುವು ಒಂದು ವಾಪಸ್. ಆಲಮಟ್ಟಿ ವಿಷಯದಲ್ಲಿ ಕರ್ನಾಟಕ, ಆಂಧ್ರ ಇಬ್ಬರೂ ದಾವೆ ಹಾಕಿದ್ರು, 2000ರ ಏಪ್ರಿಲಲ್ಲಿ ಕೋರ್ಟ್ 519.6 ಮೀಟರಿಗೆ ಒಪ್ತು. ಯಾಕಂದ್ರೆ ಪಾಲು ಬಚಾವತ್ ಹಾಕಿ ಮುಗಿದಿತ್ತು, ಉಳಿದಿದ್ದು ಈ ಡ್ಯಾಮ್ ಆ ಪಾಲಿನೊಳಗೆ ಬರುತ್ತಾ ಅನ್ನೋದು. ಪೆಣ್ಣೈಯಾರ್ ಕಥೆ ಉಲ್ಟಾ. ನಮ್ಮ ದಕ್ಷಿಣ ಪಿನಾಕಿನಿನೇ ಅಲ್ಲಿ ಪೆಣ್ಣೈಯಾರ್, ಅದರ ಉಪನದಿ ಮಾರ್ಕಂಡೇಯಕ್ಕೆ ಕೋಲಾರ ಜಿಲ್ಲೆ ಯರಗೋಳ್ ಹತ್ರ ಬಂಗಾರಪೇಟೆ, ಮಾಲೂರು, ಕೋಲಾರಕ್ಕೆ ಕುಡಿಯೋ ನೀರಿಗೆ ಅಂತ ಅಣೆಕಟ್ಟು ಕಟ್ಟಿದ್ವಿ, ತಮಿಳುನಾಡು 2018ರಲ್ಲಿ ದಾವೆ ಹಾಕ್ತು, 2019ರ ನವೆಂಬರಲ್ಲಿ ಕೋರ್ಟ್ ತಡೆ ಕೊಡಲ್ಲ, ನೀವು ಕೇಂದ್ರದ ಹತ್ರ ಹೋಗಿ ಟ್ರಿಬ್ಯುನಲ್ ಕೇಳಿ ಅಂತ ಕಳಿಸ್ತು. ಯಾಕೆ? ಪಿನಾಕಿನಿಯಲ್ಲಿ ಟ್ರಿಬ್ಯುನಲ್ ಯಾವತ್ತೂ ಪಾಲು ಹಾಕಿರ್ಲಿಲ್ಲ. ವಿಭಾಗವೇ ಆಗದ ಜಮೀನಿಗೆ ಗಡಿ ಒತ್ತುವರಿ ಅಂತ ಹೋದ್ರೆ ಜಡ್ಜ್ ಏನಂತಾರೋ ಅದನ್ನೇ ಅಂದ್ರು.

(ಪಿನಾಕಿನಿ ವಿಷಯ ಬಂದಿದ್ದಕ್ಕೆ ಒಂದು ಮಾತು. ಬೆಳ್ಳಂದೂರು, ವರ್ತೂರು ಕೆರೆಯ ನೊರೆ ಹೋಗೋದೂ ಅದೇ ನದಿಗೇ, ಹೊಸೂರಿನ ಕೆಲವರಪಳ್ಳಿ ಡ್ಯಾಮಿಗೆ. ಕಾವೇರಿಯಿಂದ ಎತ್ತಿ ತಂದು, ಬಳಸಿ, ಇನ್ನೊಂದು ನದಿಗೆ ಕೊಳಚೆ ಮಾಡಿ ಬಿಡೋ ಊರು ನಮ್ಮದು. ನೀರಿನ ಪ್ರಮಾಣ ಜಾಸ್ತಿ ಮಾಡಿದೀವಲ್ಲ ಅಂತ ವಾದ ಮಾಡೋರನ್ನ ಕೇಳಿದೀನಿ, ಅವರು ಒಂದು ಸಲ ಆ ನೊರೆ ಮೂಸಿ ನೋಡಿ ಆಮೇಲೆ ವಾದ ಮಾಡ್ಲಿ.)

ಇನ್ನೂ ಶುರುವಾಗದ ಕೆಲಸದ ಮೇಲೆ ತಡೆ ಕೇಳೋಕೆ ಓಡೋದೂ ಹೀಗೇ. ಕಾವೇರಿಗೆ ನಾವು ಕಟ್ಬೇಕು ಅಂತಿರೋ ಮೇಕೆದಾಟು 67 ಟಿಎಂಸಿ ಸಮತೋಲನ ಜಲಾಶಯದ ಯೋಜನೆ ಮೇಲೆ ತಮಿಳುನಾಡು ಹಾಕಿದ್ದ ಅರ್ಜಿಯನ್ನ 2025ರ ನವೆಂಬರಲ್ಲಿ ಕೋರ್ಟ್ ಇದು ಅವಧಿಗೆ ಮುಂಚಿನದ್ದು ಅಂತ ಮುಗಿಸ್ತು, ತಜ್ಞರು ನೋಡ್ಲಿ ಮೊದ್ಲು ಅಂತ. ನಮ್ಮಲ್ಲಿ ಮೇಕೆದಾಟು ಗೆದ್ವಿ ಅಂತ ಪಟಾಕಿ ಹೊಡೆದ್ರು. ಗೆದ್ದಿಲ್ಲ ಕಣ್ರಪ್ಪ, ಕೇಂದ್ರ ಜಲ ಆಯೋಗದ ಒಪ್ಪಿಗೆ ಬೇಕು, ಕಾವೇರಿ ಪ್ರಾಧಿಕಾರದ (ಅದರ ಬಗ್ಗೆ ಮುಂದೆ ಹೇಳ್ತೀನಿ) ಅಭಿಪ್ರಾಯ ಬೇಕು, ಅರಣ್ಯದ್ದು ಬೇಕು. ಕೋರ್ಟ್ ಹೇಳಿದ್ದು ಇಷ್ಟೇ, ಇನ್ನೂ ನನ್ನ ಸರದಿ ಬಂದಿಲ್ಲ.

ಇನ್ನು ಡಿಕ್ರಿ ಸಿಕ್ಕಿದ್ರೆ ಸಾಕು ಎಲ್ಲಾ ಆಗುತ್ತೆ ಅನ್ನೋರು ಪಂಜಾಬ್ ಹರಿಯಾಣ ನೋಡ್ಬೇಕು. ಸಟ್ಲೆಜ್-ಯಮುನಾ ಲಿಂಕ್ ಕಾಲುವೆ ಕಟ್ಟಿ ಮುಗಿಸಿ ಅಂತ ಹರಿಯಾಣದ ದಾವೆಯಲ್ಲಿ 2002ರಲ್ಲೇ ಡಿಕ್ರಿ ಆಯ್ತು, 2004ರಲ್ಲಿ ಮತ್ತೆ ಆದೇಶ. ಎರಡು ದಶಕ ದಾಟಿದ್ರೂ ಕಾಲುವೆ ಪೂರ್ತಿ ಆಗಿಲ್ಲ. ಆ ಎರಡು ರಾಜ್ಯದ ಎರಾಡಿ ಟ್ರಿಬ್ಯುನಲ್ 1987ರಲ್ಲಿ ಕೊಟ್ಟ ವರದಿಯಂತೂ ಗೆಜೆಟ್ಟೇ ಆಗ್ಲಿಲ್ಲ. ಮೇಲಿನವನು ಕಾಲುವೆ ತೋಡಲ್ಲ ಅಂತ ಕೂತ್ರೆ ಡೆಲ್ಲಿಯ ಕಾಗದ ಕಾಗದವಾಗೇ ಇರುತ್ತೆ.

ಕೂತು ಮಾತಾಡೋದು: ಅಗ್ಗ, ಆದ್ರೆ ಕಾಲ ನೋಡ್ಬೇಕು

ಮಾತುಕತೆ ಅಂದ್ರೆ ನಗ್ತಾರೆ ಜನ. ನಾನೂ ನಗ್ತಿದ್ದೆ. ಆಮೇಲೆ ಲೆಕ್ಕ ಹಾಕಿದ್ರೆ ಇವತ್ತು ಸದ್ದಿಲ್ದೆ ನಡೀತಿರೋದೆಲ್ಲ ಮಾತಾಡಿ ಆಗಿದ್ದೇ. ಚೆನ್ನೈಗೆ ಕುಡಿಯೋ ನೀರು ಬೇಕು ಅಂದಾಗ 1976ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ತಲಾ 5 ಟಿಎಂಸಿ ಕೃಷ್ಣೆ ನೀರು ಬಿಟ್ಟುಕೊಡೋಕೆ ಒಪ್ಪಿದ್ವು, ಒಟ್ಟು 15, ಅದೇ ತೆಲುಗು ಗಂಗಾ. ಹೌದು, ತಮಿಳುನಾಡಿಗೆ ನೀರು ಕೊಡ್ತೀವಿ ಅಂತ ಕರ್ನಾಟಕ ಸಹಿ ಹಾಕಿದೆ, ಬಸ್ಸಿಗೆ ಕಲ್ಲು ಬೀಳ್ಲಿಲ್ಲ. ಕೇರಳ ತಮಿಳುನಾಡಿನ ಪರಂಬಿಕುಳಂ-ಆಳಿಯಾರ್ ಒಪ್ಪಂದ 1970ರದ್ದು, ಜಗಳ ಆಡ್ಕೊಂಡೇ ನಡೆಸ್ಕೊಂಡು ಬಂದಿದ್ದಾರೆ. ಗೋದಾವರಿಯಲ್ಲಿ ಟ್ರಿಬ್ಯುನಲ್ ಕೂತಿದ್ದಾಗಲೇ ಐದು ರಾಜ್ಯ ಹೊರಗೆ ಒಪ್ಪಂದಗಳನ್ನ ಮಾಡ್ಕೊಂಡು ತಂದು ಕೊಟ್ವು, 1980ರ ತೀರ್ಪಿನ ಬಹುಪಾಲು ಅದರ ಮೇಲೇ ನಿಂತಿದೆ. ನಮ್ಮ ವಕೀಲರು ಹೇಳ್ತಾರಲ್ಲ ಕೇಸ್ ಹಾಕಿ ರಾಜಿ ಮಾಡ್ಕೊಳ್ಳಿ ಅಂತ, ಅದೇ ಇದು. ನನ್ನ ಕೇಳಿದ್ರೆ ಇರೋದ್ರಲ್ಲಿ ಒಳ್ಳೇ ದಾರಿ, ರಾಜಿಗೆ ಡಿಕ್ರಿಯ ಬಲ ಬರುತ್ತೆ.

ತುಂಗಭದ್ರಾನೂ ಸೇರಿಸ್ಬೇಕು. 1953ರಿಂದ ಬೋರ್ಡ್ ಇದೆ, ಡ್ಯಾಮ್ ಕರ್ನಾಟಕ, ಆಂಧ್ರ ಎರಡೂ ಕಡೆಯವರದ್ದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಕೊಂಡು ಹೋಯ್ತಲ್ಲ, ಹರೀತಿರೋ ನೀರಲ್ಲೇ ತಾತ್ಕಾಲಿಕ ಗೇಟ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಸಿದ್ರು, ಆಗ ಯಾರೂ ನಿನ್ನ ಪಾಲೆಷ್ಟು ನನ್ನ ಪಾಲೆಷ್ಟು ಅಂತ ಕೋರ್ಟಿಗೆ ಓಡ್ಲಿಲ್ಲ.

ಹಾಗಾದ್ರೆ ಕಾವೇರಿಯಲ್ಲಿ ಯಾಕೆ ಆಗಲ್ಲ? ನಾವು ಮಾತಾಡೋಕೆ ಹೋಗೋದೇ ಕನ್ನಂಬಾಡಿ ತಳ ಕಾಣಿಸ್ದಾಗ. 2012ರ ನವೆಂಬರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಜಯಲಲಿತಾ ಬೆಂಗಳೂರಿಗೇ ಬಂದು ಜಗದೀಶ್ ಶೆಟ್ಟರ್ ಜತೆ ಕೂತಿದ್ರು. ಇಬ್ಬರ ಹತ್ರಾನೂ ಕೊಡೋಕೆ ನೀರಿಲ್ಲ, ಇಬ್ಬರ ಹಿಂದೇನೂ ಒಣಗ್ತಿರೋ ಪೈರು, ಏನ್ ಮಾತಾಡ್ತಾರೆ. ಬರಿಗೈಲಿ ಎದ್ರು. ಎರಡೂ ರಾಜ್ಯದ ರೈತರೇ ಸೇರಿ 2003ರ ಸುಮಾರಿಗೆ ಕಾವೇರಿ ಕುಟುಂಬ ಅಂತ ಮಾಡ್ಕೊಂಡು ಒಬ್ಬರ ಗದ್ದೆ ಇನ್ನೊಬ್ಬರು ನೋಡಿ ಬಂದಿದ್ರು, ಅದೂ ಸರ್ಕಾರಗಳ ಸಹಿವರೆಗೆ ಮುಟ್ಲಿಲ್ಲ. ಜುಲೈಲಿ ಡ್ಯಾಮ್ 124.80 ಅಡಿ ತುಂಬಿ ಮುಖ್ಯಮಂತ್ರಿ ಬಾಗಿನ ಬಿಡ್ತಾರಲ್ಲ, ಮಾತುಕತೆಗೆ ಕರೀಬೇಕಾದ್ದು ಅವತ್ತು. ಹೊಟ್ಟೆ ತುಂಬಿದಾಗ ಪಂಚಾಯ್ತಿ ಸೇರ್ಬೇಕು ಅಂತ ನಮ್ಮಜ್ಜಿಗೂ ಗೊತ್ತಿತ್ತು.

ನೀರುಗಂಟಿ: ಈ ತಿಂಗಳ ನೀರಿನ ಮಾತು

2018ರ ತೀರ್ಪಿನ ಮೇಲೆ ಜೂನ್ 1ಕ್ಕೆ ಎರಡು ಸಂಸ್ಥೆ ಹುಟ್ಟಿದ್ವು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಅದರ ಕೆಳಗೆ ನಿಯಂತ್ರಣ ಸಮಿತಿ. ಟಿವಿಯವರು ಪ್ರಾಧಿಕಾರದಿಂದ ಮತ್ತೆ ಶಾಕ್ ಅಂತಾರೆ. ಶಾಕೂ ಇಲ್ಲ ಏನೂ ಇಲ್ಲ, ಅದು ದೊಡ್ಡ ನೀರುಗಂಟಿ. ಪಾಲು ಬದಲಾಯಿಸೋ ಅಧಿಕಾರ ಅದಕ್ಕಿಲ್ಲ. ತಿಂಗಳ ಪಟ್ಟಿ ಆಗಲೇ ಇದೆ: ಮಳೆ ಸರಿಯಾಗಿ ಆದ ವರ್ಷ ಬಿಳಿಗುಂಡ್ಲುವಿಗೆ ಜೂನಲ್ಲಿ 9.19 ಟಿಎಂಸಿ, ಜುಲೈಲಿ 31.24, ಆಗಸ್ಟಲ್ಲಿ 45.95, ಸೆಪ್ಟೆಂಬರಲ್ಲಿ 36.76, ಹೀಗೆ ಇಳ್ಕೊಂಡು ಹೋಗಿ ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ. ಮಳೆ ಕೈಕೊಟ್ಟ ವರ್ಷ ಇದನ್ನ ಎಷ್ಟು ಕಮ್ಮಿ ಮಾಡ್ಬೇಕು ಅನ್ನೋದೇ ಇಡೀ ಜಗಳ, ಅದಕ್ಕೆ ಸಂಕಷ್ಟ ಸೂತ್ರ ಅಂತ ಕರೆಯೋದು, ಎಲ್ಲರೂ ಒಪ್ಪಿದ ಸೂತ್ರ ಬಂದಿಲ್ಲ.

2016 ಮತ್ತೆ 2023 ಪಕ್ಕಪಕ್ಕ ಇಟ್ಟು ನೋಡಿ, ಆಗ ಈ ನೀರುಗಂಟಿ ಬೆಲೆ ಗೊತ್ತಾಗುತ್ತೆ. 2016ರಲ್ಲಿ ಪ್ರಾಧಿಕಾರ ಇರ್ಲಿಲ್ಲ, ತಮಿಳುನಾಡು ಸೀದಾ ಸುಪ್ರೀಂ ಕೋರ್ಟಿಗೆ ಹೋಯ್ತು, ಸೆಪ್ಟೆಂಬರ್ 5ಕ್ಕೆ 15,000 ಕ್ಯೂಸೆಕ್ (ಅಂದ್ರೆ ಸೆಕೆಂಡಿಗೆ ಅಷ್ಟು ಘನ ಅಡಿ) ಹತ್ತು ದಿನ ಬಿಡಿ ಅಂತ ಆದೇಶ, 12ಕ್ಕೆ ಅದನ್ನ 12,000 ಮಾಡಿ ದಿನ ಜಾಸ್ತಿ ಮಾಡ್ತು, ಅವತ್ತು ಬೆಂಗಳೂರಲ್ಲಿ ಎಂಥಾ ಗಲಭೆ ಆಯ್ತು ಅಂತ ಮೈಸೂರು ರಸ್ತೆಯಲ್ಲಿ ಇರೋರಿಗೆ ಹೇಳೋದು ಬೇಡ, ನಾವು ಸಂಜೆ ಹೊಗೆ ನೋಡ್ಕೊಂಡು ನಡ್ಕೊಂಡು ಮನೆಗೆ ಬಂದಿದ್ವಿ. 2023ರಲ್ಲಿ ತಮಿಳುನಾಡು 24,000 ಕ್ಯೂಸೆಕ್ ಕೇಳ್ಕೊಂಡು ಕೋರ್ಟಿಗೆ ಹೋಯ್ತು, ಕೋರ್ಟ್ ಪ್ರಾಧಿಕಾರದ ವರದಿ ತರ್ಸಿತು, ಪ್ರಾಧಿಕಾರ ಹೇಳಿದ್ದು 15 ದಿನ 5,000 ಕ್ಯೂಸೆಕ್. ಸೆಪ್ಟೆಂಬರ್ 21ಕ್ಕೆ ಇಬ್ಬರ ವಾದಾನೂ ಕೇಳಿ ನಾವು ಕೈ ಹಾಕಲ್ಲ ಅಂತು. ಆಮೇಲೆ ಅದು 3,000ಕ್ಕೆ ಇಳೀತು. 11,574 ಕ್ಯೂಸೆಕ್ ಒಂದಿಡೀ ದಿನ ಹರಿದ್ರೆ ಒಂದು ಟಿಎಂಸಿ, ಹಾಗಾಗಿ 5,000ದ 15 ದಿನ ಅಂದ್ರೆ ಆರೂವರೆ ಟಿಎಂಸಿ. ಹೆಡ್‌ಲೈನ್ ಓದಿದ್ರೆ ಕನ್ನಂಬಾಡಿ ಪೂರ್ತಿ ಖಾಲಿ ಅನ್ಸುತ್ತೆ, ಅದರ ಸಾಮರ್ಥ್ಯ 49.45 ಟಿಎಂಸಿ. ಮಂಡ್ಯದ ರೈತನಿಗೆ ಆ ಆರೂವರೆ ಅಂದ್ರೆ ಒಂದು ಕಟ್ಟು (ಒಂದು ಸರದಿ) ನೀರು ತಪ್ಪಿದ್ದು ಹೌದು, ಅದನ್ನ ನಾನು ಸಣ್ಣದು ಮಾಡ್ತಿಲ್ಲ. ಆದ್ರೆ ಕೋರ್ಟ್ ಹಾಲಲ್ಲಿ ಅರ್ಧ ಗಂಟೇಲಿ ಬೀಳೋ ಸಂಖ್ಯೆಗಿಂತ ಇಂಜಿನಿಯರುಗಳು ಒಳಹರಿವು ನೋಡಿ ಹಾಕೋ ಸಂಖ್ಯೆ ವಾಸಿ. ಸಮಿತಿ ಮೀಟಿಂಗಿಗೆ ನಮ್ಮವರು ಸರಿಯಾದ ಅಂಕಿಅಂಶ ತಗೊಂಡು ಹೋಗಿಲ್ಲ ಅಂದ್ರೆ ಆಮೇಲೆ ಫ್ರೀಡಂ ಪಾರ್ಕಲ್ಲಿ ಕೂಗಿ ಪ್ರಯೋಜನ ಇಲ್ಲ.

ನಮ್ಮದೇ ಕಾನೂನು ಮಾಡ್ಬಿಡೋಣ ಅನ್ನೋ ದಾರಿ

ಬೇಡ. 1991ರಲ್ಲಿ ಮಧ್ಯಂತರ ಆದೇಶ ಒಪ್ಪಲ್ಲ ಅಂತ ಕರ್ನಾಟಕ ಸುಗ್ರೀವಾಜ್ಞೆ ತಂತು, ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದ್ರು, ನವೆಂಬರಲ್ಲಿ ಅಸಾಂವಿಧಾನಿಕ ಅಂತ ಬಂತು, ಡಿಸೆಂಬರಲ್ಲಿ ಗೆಜೆಟ್, ಗಲಭೆ. ಪಂಜಾಬ್ 2004ರಲ್ಲಿ ಒಪ್ಪಂದಗಳನ್ನೆಲ್ಲ ರದ್ದು ಮಾಡೋ ಕಾನೂನು ಮಾಡ್ತು, 2016ರಲ್ಲಿ ಅದೇ ಗತಿ. ಕೇರಳ ಮುಲ್ಲಪೆರಿಯಾರ್ ಡ್ಯಾಮಿನ ನೀರಿನ ಮಟ್ಟ ಕಾನೂನಲ್ಲೇ ಕಟ್ಟಿಹಾಕೋಕೆ ನೋಡ್ತು, 2014ರಲ್ಲಿ ಅದೂ ಬಿತ್ತು, 142 ಅಡಿ ನಿಲ್ತು. ಮೂರು ರಾಜ್ಯ, ಮೂರೂ ಸೋಲು.

ಹಾಗಾದ್ರೆ ಯಾವ ನದಿಗೆ ಯಾವುದು

ಮಹದಾಯಿ ತಗೊಳ್ಳಿ. ಟ್ರಿಬ್ಯುನಲ್ 2010ರಲ್ಲಿ, ತೀರ್ಪು 2018ರ ಆಗಸ್ಟ್ 14ಕ್ಕೆ, ಗೆಜೆಟ್ 2020ರ ಫೆಬ್ರವರಿಯಲ್ಲಿ. ನಮಗೆ 13.42 ಟಿಎಂಸಿ, ಅದರಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸೋದು 3.9. ಪಾಲು ಆಗಿದೆ, ಗೆಜೆಟ್ಟೂ ಆಗಿದೆ, ನಿಂತಿರೋದು ಕಾಡಿನ, ವನ್ಯಜೀವಿಯ ಒಪ್ಪಿಗೆ ಮೇಲೆ. ನರಗುಂದದವರು ಟ್ರಿಬ್ಯುನಲ್ಲನ್ನ ಬೈದು ಉಪಯೋಗ ಇಲ್ಲ, ಫೈಲ್ ಡೆಲ್ಲಿಯ ವನ್ಯಜೀವಿ ಮಂಡಳಿ ಕಡೆ ಇದೆ, ಜೋರು ಅಲ್ಲಿ ಮಾಡ್ಬೇಕು, ಜತೆಗೆ ಗೋವಾ ಜತೆ ಮಾತು. ಕೃಷ್ಣೆಗೆ ಬೇರೆ ದಾರಿನೇ ಇಲ್ಲ, ಆ ಗೆಜೆಟ್ ತಡೆ ತೆರವು ಮಾಡ್ಸೋಕೆ ಸುಪ್ರೀಂ ಕೋರ್ಟ್, ಬೇರೆ ಎಲ್ಲಿ ತಿರುಗಿದ್ರೂ ವಾಪಸ್ ಅಲ್ಲಿಗೇ ಬರ್ಬೇಕು. ಪಿನಾಕಿನಿಗೆ ಮಾತು, ಅದು ಸಣ್ಣ ನದಿ, ಟ್ರಿಬ್ಯುನಲ್ಲಿಗೆ ಹೋದ್ರೆ ನದಿಗಿಂತ ಫೈಲ್ ದಪ್ಪ ಆಗುತ್ತೆ, ನಮ್ಮ ಕೊಳಚೆ ಶುದ್ಧ ಮಾಡಿ ಬಿಡ್ತೀವಿ ಅನ್ನೋದನ್ನ ಚೌಕಾಸಿಗೆ ಇಡ್ಬೋದು. ಕಾವೇರಿಯಲ್ಲಿ ಹೊಸ ಟ್ರಿಬ್ಯುನಲ್ ಕೇಳೋದು ಸದ್ಯಕ್ಕೆ ದಂಡ, 2018ರ ಹಂಚಿಕೆ 15 ವರ್ಷಕ್ಕೆ ಅಂತ ಕೋರ್ಟೇ ಹೇಳಿದೆ, ಲೆಕ್ಕ ಹಾಕಿದ್ರೆ 2033. ಅಲ್ಲಿವರೆಗೆ ಮಾಡ್ಬೇಕಾದ್ದು ಸಂಕಷ್ಟ ಸೂತ್ರ ಕೂರಿಸೋದು, ಅದೂ ತುಂಬಿದ ವರ್ಷದಲ್ಲಿ. ಎಲ್ಲಾ ನದಿಗೂ ಒಂದೇ ಕಾಯಂ ಟ್ರಿಬ್ಯುನಲ್ ಮಾಡ್ತೀವಿ ಅಂತ 2019ರಲ್ಲಿ ಬಿಲ್ ಲೋಕಸಭೆಯಲ್ಲಿ ಪಾಸಾಗಿತ್ತು, ಕಾನೂನಾಗ್ಲಿಲ್ಲ, ಅದನ್ನ ನಂಬ್ಕೊಂಡು ಕೂರೋಹಾಗಿಲ್ಲ.

ಇನ್ನು ಅಣ್ಣನ ಪ್ರಶ್ನೆ, ರೈತರ ಸಂಘನೇ ಕೇಸ್ ಹಾಕ್ಬೋದಾ. ಟ್ರಿಬ್ಯುನಲ್ ಕೇಳೋಕೆ ರಾಜ್ಯ ಸರ್ಕಾರಕ್ಕೆ ಮಾತ್ರ ಆಗೋದು, 131ನೇ ವಿಧಿ ದಾವೇನೂ ಸರ್ಕಾರದ್ದೇ. ಆದ್ರೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಕಾವೇರಿ ಟ್ರಿಬ್ಯುನಲ್ ಆಗೋಕೆ ಕಾರಣವಾದ 1990ರ ಆದೇಶ ಬಂದಿದ್ದು ತಮಿಳುನಾಡಿನ ಒಂದು ರೈತ ಸಂಘ 1983ರಲ್ಲಿ ಸುಪ್ರೀಂ ಕೋರ್ಟಲ್ಲಿ ಹಾಕಿದ್ದ ರಿಟ್ ಅರ್ಜಿಯಲ್ಲಿ. ಅವರು ನೀರು ಕೇಳಿ ಗೆಲ್ಲಲಿಲ್ಲ, ಕೇಂದ್ರ ಮಾಡ್ಬೇಕಾದ ಕೆಲಸ ಮಾಡಿ ಅಂತ ಕೇಳಿ ಗೆದ್ರು. ನಮ್ಮವರೂ ಅದೇ ಥರ ಕೇಳೋದು ಕಲೀಬೇಕು. ಕನ್ನಂಬಾಡಿಯಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗಕ್ಕೆ ಕಟ್ಟು ಪದ್ಧತಿಯಲ್ಲಿ ನೀರು ಬರ್ತಿಲ್ಲ ಅಂದ್ರೆ ಅದು ತಮಿಳುನಾಡಿನ ಜಗಳನೇ ಅಲ್ಲ, ಅದಕ್ಕೆ ನೀರಾವರಿ ಸಲಹಾ ಸಮಿತಿ, ಆಗ್ಲಿಲ್ಲ ಅಂದ್ರೆ ಹೈಕೋರ್ಟಲ್ಲಿ ರಿಟ್.

ಅಣ್ಣನಿಗೆ ಕೊನೆಗೆ ನಾನು ಬರ್ಕೊಟ್ಟಿದ್ದು ಕೇಸ್ ಅಲ್ಲ, ಎರಡು ಮಾಹಿತಿ ಹಕ್ಕು ಅರ್ಜಿ, ತಲಾ ಹತ್ತು ರೂಪಾಯಿ. ಒಂದು ಕೇಂದ್ರ ಜಲ ಆಯೋಗಕ್ಕೆ, ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ದಿನಾ ಎಷ್ಟು ಹರೀತು ಅಂತ. ಇನ್ನೊಂದು ನೀರಾವರಿ ಇಲಾಖೆಗೆ, ಅದೇ ದಿನಗಳಲ್ಲಿ ಕನ್ನಂಬಾಡಿಯಿಂದ ನಾಲೆಗೆ ಎಷ್ಟು, ನದಿಗೆ ಎಷ್ಟು ಬಿಟ್ರು ಅಂತ. ಎರಡೂ ಪಟ್ಟಿ ಬಂದ್ಮೇಲೆ ಸಂಘದ ಆಫೀಸಲ್ಲಿ ಪಕ್ಕಪಕ್ಕ ಅಂಟಿಸ್ತೀನಿ ಅಂದ, ಆಮೇಲೆ ನೋಡೋಣ ಯಾರ ಮೇಲೆ ಕೇಸ್ ಹಾಕೋದು ಅಂತ.